ವಗ್ಗರಣೆ ಮಂಡಕ್ಕಿಗೆ ಸಕ್ಕರೆ ಹಾಕುವ ಮಾತೂ, ಕೇಳಲೊಲ್ಲದವರ ಟವಲೂ

ಸಂಖ್ಯೆ: ಅಂ.ಕ/ಟವಲು/ಸಕ್ಕರೆ/2007
ಸ್ಥಳ: ಬಸ್ ನಿಲ್ದಾಣದ ಹಿಂದಿನ ಬೇವಿನ ಕಟ್ಟೆ, ಕೂಡ್ಲಿಗಿ

ಸುತ್ತೋಲೆ

ವಿಷಯ: 'ಕೂಡ್ಲಿಗಿ ಕಟ್ಟೆ' ಎಂಬ ಅಂತರಜಾಲ ಬಳಗದಲ್ಲಿ ಬರೆಯುವವರ ಬಾಯಿಗೂ ಓದುವವರ ಕಿವಿಗೂ ಸಮನಾಗಿ ನ್ಯಾಯ ಒದಗಿಸುವ ಕುರಿತು.

ಉಲ್ಲೇಖ: 1. ಮಂಡಕ್ಕಿ ಮಿರ್ಚಿ ಬಂಡಿಯ ಓಬಳೇಶರ ಮೌಖಿಕ ದೂರು.
2. ಅದೇ ದೂರು, ಇನ್ನೂ ಜೋರಾಗಿ.

ಮಾಗಿಯ ಚಳಿ ಹಿಂದೆ ಸರಿದು ಬೇವು ಎಲೆ ಉದುರಿಸುತ್ತಿದ್ದ ಒಂದು ಸಂಜೆ, ಬಾಣಲೆಗೆ ಎಣ್ಣೆ ಸುರಿಯುವ ಹೊತ್ತಿನಲ್ಲಿ ಈ ಪ್ರಕರಣ ಹುಟ್ಟಿರುತ್ತದೆ. ಕೂಡ್ಲಿಗಿಯ ಮಗಳೂ ದೂರದ ಅರಸೀಕೆರೆಯ ಸೊಸೆಯೂ ಆಗಿ, ಅಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಸದಸ್ಯೆ ವಾಣಿಶ್ರೀಯವರು, "ವಗ್ಗರಣಿ ಮಂಡಕ್ಕಿಗೆ ಒಂದ್ ಚಿಟಿಕಿ ಸಕ್ಕರಿ ಹಾಕಿ ನೋಡ್ರಿ, ರುಚಿ ಬ್ಯಾರೇನಾ ಇರತೈತಿ" ಎಂದು ಬಳಗದಲ್ಲಿ ಬರೆದರು. ಓಬಳೇಶರು ಬಂಡಿಯನ್ನು ಉರಿಯುವ ಒಲೆಯ ಸಮೇತ ಬಿಟ್ಟು ಬಂದು, "ಆಕಿನ್ನ ತಗದ್ ಹಾಕ್ರಿ. ಇವತ್ತು ಸಕ್ಕರಿ ಅಂತಾಳ, ನಾಳಿ ಮಿರ್ಚಿಗೆ ಜಾಮ್ ಹಚ್ಚು ಅಂತಾಳ" ಎಂದು ದೂರಿದರು.

ಕಲ್ಲು ಕಟ್ಟೆಯ ವ್ಯಾಜ್ಯಗಳನ್ನು ಬಹುಕಾಲದಿಂದ ಬಗೆಹರಿಸುತ್ತ ಬಂದ ಮರುಳಪ್ಪನವರೇ ಅಂತರಜಾಲದ ಕಟ್ಟೆಗೂ ಮೇಲ್ವಿಚಾರಕರು. ಸೈಬರ್ ಸೆಂಟರಿನ ಅಮ್ಜದ್ ಓದಿ ಹೇಳುತ್ತಾರೆ, ಇವರು ಕೇಳಿ ತೀರ್ಪು ಹೇಳುತ್ತಾರೆ. ವಾಣಿಶ್ರೀಯವರ ಉತ್ತರವನ್ನೂ ಹಾಗೆಯೇ ಕೇಳಲಾಯಿತು: "ಯಪ್ಪಾ, ತವರಿನ ಮಾತು ಕಿವಿಗಿ ಬೀಳಾದು ಇದೊಂದ ಕಡಿ. ನನ್ನ ತಗೀಬ್ಯಾಡ್ರಿ. ಬೇಕಾದ್ರ ಸಕ್ಕರಿ ತಗೀರಿ."

ಒಬ್ಬರ ಬರಹ ತನಗೆ ಕಾಣದಂತೆ ಮಾಡಿಕೊಳ್ಳುವ ಗುಂಡಿಯೊಂದಿದೆಯೆಂದು ಅಮ್ಜದ್ ತೋರಿಸಿದ ಮೇಲೆ ಮರುಳಪ್ಪನವರು, "ಇದು ಟವಲ್ ಅಲ್ಲೇನಪ್ಪ" ಎಂದರು. ಕಲ್ಲು ಕಟ್ಟೆಯ ಮೇಲೆ ಮಾತು ಹಿಡಿಸದವನು ತನ್ನ ಟವಲನ್ನು ತನ್ನ ಕಿವಿಗೆ ಸುತ್ತಿಕೊಳ್ಳುತ್ತಾನೆಯೇ ಹೊರತು ಎದುರಿನವನ ಬಾಯಿಗೆ ತುರುಕುವುದಿಲ್ಲ. ಆದಕಾರಣ ಸದಸ್ಯರೆಲ್ಲರ ಅವಗಾಹನೆಗೆ ತರುವುದೇನೆಂದರೆ:

1. ಯಾರನ್ನೂ ಬಳಗದಿಂದ ತೆಗೆಯತಕ್ಕದ್ದಲ್ಲ. ಹಿಡಿಸದವರು ಗುಂಡಿ ಒತ್ತತಕ್ಕದ್ದು. ಒತ್ತಿದ್ದು ನಾಲ್ಕು ಜನಕ್ಕೆ ಗೊತ್ತಾಗಲೆಂದು ಸೈಬರ್ ಸೆಂಟರಿನಲ್ಲಿ ಕೂತಷ್ಟು ಹೊತ್ತೂ ನಿಜವಾದ ಟವಲನ್ನು ಕಿವಿಗೆ ಸುತ್ತಿಕೊಂಡಿರಬೇಕು.

2. ಹೆಣ್ಣುಮಕ್ಕಳು ಸೆರಗು ಬಳಸಬಹುದು. ಪ್ಯಾಂಟಿನವರು ಕರವಸ್ತ್ರ ತಂದಲ್ಲಿ, ಅದು ಒಂದೇ ಕಿವಿಗೆ ಸಾಲುವುದರಿಂದ, ಬರಹದ ಅರ್ಧ ಭಾಗವನ್ನು ಓದಲೇಬೇಕು. ಯಾವ ಅರ್ಧ ಎಂಬುದು ಅವರವರ ಇಷ್ಟ.

3. ಏನನ್ನು ಓದಬಾರದು ಎಂಬುದು ಖಚಿತವಾಗಲು, ಅದನ್ನು ಮೊದಲು ಪೂರ್ತಿ ಓದತಕ್ಕದ್ದು.

4. ಮೇಲ್ವಿಚಾರಕರಿಗೆ ಟವಲು ನಿಷಿದ್ಧ. ಹೆಗಲ ಮೇಲಿರುವುದು ಬೆವರಿಗೆ ಮಾತ್ರ.

5. (ಇಲ್ಲಿಂದ ಮುಂದಿನದು ಆಮೇಲೆ ಸೇರಿಸಿದ್ದು.) ಸದರಿ ನಿಯಮಗಳು ಜಾರಿಯಾದ ಮೇಲೆ ಉಪ್ಪಿನವರು ಸಕ್ಕರೆಯವರಿಗೂ, ಸಕ್ಕರೆಯವರು ಉಪ್ಪಿನವರಿಗೂ, ಎರಡೂ ಬೇಡವೆಂದವರು ಎಲ್ಲರಿಗೂ ಟವಲು ಸುತ್ತಿಕೊಂಡು, ಬಳಗದಲ್ಲಿ ಸಂಪೂರ್ಣ ಶಾಂತಿ ನೆಲೆಸಿರುತ್ತದೆ. ಅದರ ನಡುವೆ ವಾಣಿಶ್ರೀಯವರು, "ಯಾರಾರ ಅದೀರೇನ್ರಿ?" ಎಂದು ಬರೆದದ್ದಕ್ಕೆ ಒಬ್ಬರೂ ಉತ್ತರಿಸಲಿಲ್ಲ. ಮರುಳಪ್ಪನವರು ಬೀಡಿ ಆರಿಸಿ, "ಅದೀನವ್ವ, ಹೇಳು" ಎಂದು ಅಮ್ಜದ್‌ನ ಕೈಯಲ್ಲಿ ಬರೆಸಿದರು. ಸದರಿ ಶಾಂತಿಯನ್ನು ಈ ಮೂಲಕ ದೋಷವೆಂದು ಪರಿಗಣಿಸಲಾಗಿದೆ.

6. ತತ್ಪರಿಣಾಮವಾಗಿ, ಪ್ರತಿ ಸೋಮವಾರ ಟವಲುಗಳನ್ನು ಒಗೆದು ಸೈಬರ್ ಸೆಂಟರಿನ ಮುಂದಿನ ತಂತಿಗೆ ಹರವತಕ್ಕದ್ದು. ಅವು ಒಣಗುವವರೆಗೆ ಗುಂಡಿಯನ್ನೂ ಬಿಡಿಸಿಟ್ಟು ಎಲ್ಲರೂ ಎಲ್ಲರದನ್ನೂ ಓದಬೇಕು. ಮಳೆಗಾಲದಲ್ಲಿ ಟವಲು ಬೇಗ ಒಣಗದ ಕಾರಣ ವಾಕ್ ಸ್ವಾತಂತ್ರ್ಯ ಹೆಚ್ಚಾಗುವುದನ್ನು ಸಹಿಸಿಕೊಳ್ಳತಕ್ಕದ್ದು.

7. ಒದ್ದೆ ಟವಲು ಸುತ್ತಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಓಬಳೇಶರು ಮೊದಲ ಸೋಮವಾರವೇ ಹಾಗೆ ಮಾಡಿ ಸೀನುತ್ತಿದ್ದಾಗ ಸಿಕ್ಕಿಬಿದ್ದಿದ್ದು, "ನೆಗಡಿ ಬಂದ್ರ ಬರಲಿ ಬಿಡ್ರಿ, ಸಕ್ಕರಿ ಒಲ್ಲೆ" ಎಂಬ ಅವರ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ. "ಬಿಚ್ಚಲೇ, ಓದು" ಎಂದು ಮೇಲ್ವಿಚಾರಕರು ಆದೇಶಿಸಿದರು.

8. ಓದಲಾಗಿ, ವಾಣಿಶ್ರೀಯವರು ಟವಲು ಸುತ್ತಿಕೊಂಡವರ ಕಡೆ ಮುಖ ಮಾಡಿ ದಿನವೂ ಬರೆಯುತ್ತಿದ್ದುದು ಇಷ್ಟೇ: "ಓಬಳೇಶಣ್ಣ, ನಿನ್ ಬಂಡಿ ಮಿರ್ಚಿ ವಾಸ್ನಿ ಇಲ್ಲಿ ಎಲ್ಲೂ ಇಲ್ಲ ನೋಡು. ಸಿಟ್ಟಾಗಿದ್ರ ಬೈಯಾಕರ ಬೈಯಣ್ಣ." ಓಬಳೇಶರು ಅದನ್ನು ಎರಡು ಸಲ ಓದಿಕೊಂಡರು. ಆ ನಂತರದ ಸೀನು ನೆಗಡಿಯದೇ ಎಂದು ದಾಖಲಿಸಿಕೊಳ್ಳಲಾಗಿದೆ.

9. ಮರುದಿನ ಮಂಗಳವಾರ ಬೆಳಿಗ್ಗೆ ಓಬಳೇಶರು ಬಂಡಿ ತೆರೆಯದೆ, ಟವಲನ್ನು ತಂತಿಯ ಮೇಲೆಯೇ ಬಿಟ್ಟು, ಮಂಡಕ್ಕಿ ಮಿರ್ಚಿಯ ಗಂಟಿನೊಂದಿಗೆ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿರುತ್ತಾರೆ. ಗಂಟಿನಲ್ಲಿ ಸಕ್ಕರೆಯ ಪೊಟ್ಟಣವನ್ನು ಬೇರೆಯಾಗಿ ಕಟ್ಟಿಕೊಂಡಿದ್ದರೆಂದು ತಿಳಿದುಬಂದಿದೆ. ಅದನ್ನು ಬಿಚ್ಚುವುದು, ಬಿಡುವುದು ಸದಸ್ಯೆಯ ಆಯ್ಕೆಗೆ ಬಿಟ್ಟದ್ದು.

(ಸಹಿ, ಅಕ್ಷರ ಬಿಡಿಸಿ ಬರೆದದ್ದು)
ಮರುಳಪ್ಪ
ಮೇಲ್ವಿಚಾರಕರು, ಕಲ್ಲು ಕಟ್ಟೆ ಮತ್ತು ಅಂತರಜಾಲ ಕಟ್ಟೆ

ಪ್ರತಿಗಳು:
ಅಮ್ಜದ್ ಅವರಿಗೆ, ಓದಿ ಹೇಳಲು.
ಎಲ್ಲ ಸದಸ್ಯರಿಗೆ, ಟವಲು ಸರಿಸಿ ಓದಲು.
ವಾಣಿಶ್ರೀಯವರಿಗೆ, ಜೆರಾಕ್ಸ್ ಮಾಡಿ ಒಂದನ್ನು ಇಟ್ಟುಕೊಳ್ಳಲು.
ತಂತಿಯ ಮೇಲಿರುವ ಟವಲಿಗೆ, ಮಾಲೀಕರು ಬರುವವರೆಗೆ.