ನಿದ್ದೆ ಕಲಿಯದ ಬಟ್ಟೆ

ನಮ್ಮ ದೊಡ್ಡವ್ವನ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ, ಅವರು ಉಟ್ಟ ಬಟ್ಟೆ ಕಾಣುತ್ತದೆ. ಇದು ಚಾಡಿಯಲ್ಲ. ಒಂದು ಸಲ ಹುಣಸೂರಿನ ಬಸ್ ನಿಲ್ದಾಣದಲ್ಲಿ ನನ್ನ ಮುಂದೆಯೇ ಹಾದು ಹೋದವಳು, ನಾಲ್ಕು ಹೆಜ್ಜೆ ಆಚೆಯಿಂದ ವಾಪಸ್ ಬಂದು ನನ್ನ ಅಂಗಿಯ ತೋಳು ಹಿಡಿದಳು. "ಇದು ನಾನ್ ಕೊಟ್ಟ ಪೀಸ್ ಅಲ್ವೇನ್ಲಾ?" ಎಂದಳು. ಆಮೇಲೆ ತಲೆಯೆತ್ತಿ ನೋಡಿ, "ಓ, ನೀನಾ" ಎಂದಳು.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಇರುವುದು ಹನಗೋಡಿನಲ್ಲಿ. ಕೆಲಸ, ಕೌದಿ ಹೊಲಿಯುವುದು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಲ್ಲೇ ಸಾಲು ಸಾಲಾಗಿ ಹೊಲಿದು ಹೊದಿಕೆ ಮಾಡುವುದರಲ್ಲಿ ಅವಳಿಗೆ ಸಮ ಯಾರೂ ಇಲ್ಲ ಎಂದರೆ ಅದು ಮನೆಯವನ ಮಾತಾಗುತ್ತದೆ. ಪಿರಿಯಾಪಟ್ಟಣದಿಂದ ಹುಡುಕಿಕೊಂಡು ಬಂದು ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ ಎಂದಷ್ಟೇ ಹೇಳುತ್ತೇನೆ. ಆದರೆ ಎರಡು ವರ್ಷದಿಂದ ಅವಳು ಸೂಜಿ ಮುಟ್ಟಿಲ್ಲ. ನನ್ನ ಮತ್ತು ನನ್ನ ಹೆಂಡತಿಯ ಮೊದಲ ಮಗು ಉಳಿಯಲಿಲ್ಲ; ಅಂದಿನಿಂದ ಮುಟ್ಟಿಲ್ಲ. ಈಗ ನನ್ನ ಹೆಂಡತಿ ಮತ್ತೆ ಬಸುರಿ. ದೊಡ್ಡವ್ವ ಸೂಜಿ ಹಿಡಿಯುತ್ತಾಳೋ ಇಲ್ಲವೋ ಎಂಬುದು ಸದ್ಯಕ್ಕೆ ನಮ್ಮ ಮನೆಯವರೆಲ್ಲರ ಮನಸ್ಸಿನಲ್ಲಿರುವ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ವಿಷಯ ನಗುವಂಥದ್ದಲ್ಲ. ಆದರೆ ದೊಡ್ಡವ್ವನ ವಿಚಾರವನ್ನು ನಗು ಬಿಟ್ಟು ಶುರು ಮಾಡುವುದಾದರೂ ಹೇಗೆ?

ಅವಳದೊಂದು ಕಟ್ಟುನಿಟ್ಟಿನ ನಿಯಮವಿದೆ. ಕೌದಿಗೆ ಹೊಸ ಬಟ್ಟೆ ಹಾಕಕೂಡದು. ಯಾಕೆಂದರೆ ಹೊಸ ಬಟ್ಟೆಗೆ ನಿದ್ದೆ ಗೊತ್ತಿರುವುದಿಲ್ಲ. ಯಾರಾದರೂ ಅದನ್ನು ಉಟ್ಟು, ಬೆವರಿ, ಒಗೆದು, ಒಣಗಿಸಿ, ಅದನ್ನು ಹಾಕಿಕೊಂಡೇ ಎಷ್ಟೋ ಮಧ್ಯಾಹ್ನ ಒರಗಿ, ಕೊನೆಗೆ ಬಟ್ಟೆಗೆ ಸುಸ್ತಾಗಬೇಕು. "ತನಗೇ ನಿದ್ದೆ ಬರ್ದೇ ಇರೋ ಬಟ್ಟೆ ಇನ್ನೊಬ್ರನ್ನ ಎಂಗ್ಲಾ ಮಲಗುಸ್ತದೆ?" ಎಂದು ಕೇಳುತ್ತಾಳೆ. ಉತ್ತರ ಹೇಳಿ ನೋಡೋಣ.

ಸರಿ, ಹಾಗಾದರೆ ಬಟ್ಟೆ ಅಂಗಡಿಯ ತಂಟೆ ಇರಬಾರದಲ್ಲ? ಅಲ್ಲೇ ಇರುವುದು ಅವಳ ಬುದ್ಧಿ. ಹುಣಸೂರಿನ ಪೇಟೆಯಲ್ಲಿ ಒಬ್ಬ ಸಾಬರ ಬಟ್ಟೆ ಅಂಗಡಿಯಿದೆ. ಅಲ್ಲಿ ತನಗೆ ಬೇಕಾದ ಬಣ್ಣ ಕಂಡರೆ ತಂದು ನಮಗೆ ಉಡುಗೊರೆ ಕೊಡುತ್ತಾಳೆ. ಯುಗಾದಿಗೆ ಅಂಗಿ, ಗೌರಿಹಬ್ಬಕ್ಕೆ ರವಿಕೆ ಕಣ. ಪಡೆದವರು ದೊಡ್ಡವ್ವನ ಕೈ ದೊಡ್ಡದು ಎಂದು ಹಿಗ್ಗುತ್ತಾರೆ. ನಾಲ್ಕೈದು ವರ್ಷದ ಮೇಲೆ ಅವಳು ಅದನ್ನು ವಾಪಸ್ ಕೇಳಿಕೊಂಡು ಬಂದಾಗಲೇ, ತಾವು ಇಷ್ಟು ದಿನ ಹಾಕಿಕೊಂಡಿದ್ದು ಅಂಗಿಯಲ್ಲ, ಇನ್ನೂ ಆಗದ ಕೌದಿ ಎಂದು ತಿಳಿಯುವುದು.

ನಡುವೆ ತಪಾಸಣೆಯೂ ಇರುತ್ತದೆ. ಮಾತಾಡುತ್ತಾ ಮಾತಾಡುತ್ತಾ ಕಾಲರನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾಳೆ, ಮಾರುಕಟ್ಟೆಯಲ್ಲಿ ಮಾವಿನಹಣ್ಣು ಒತ್ತಿ ನೋಡಿದ ಹಾಗೆ. "ಇನ್ನೂ ಕಾಯಿ ಕಣ್ಲಾ. ನೀನು ಬಿಸಿಲಿಗೇ ಓಗಲ್ವೇನೋ" ಎಂದು ಬೇಸರಪಡುತ್ತಾಳೆ. ನನ್ನ ಮದುವೆಯಲ್ಲಿ ಮದುಮಗಳಿಗೆ ತಿಳಿಹಸಿರು ನೂಲಿನ ಸೀರೆ ಕೊಟ್ಟು, ಅಲ್ಲೇ ಅದರ ಸೆರಗನ್ನು ಕೆನ್ನೆಗೆ ಒತ್ತಿಕೊಂಡು, "ಬಲೇ ಚೆನ್ನಾಗಿ ಅಣ್ಣಾಯ್ತದೆ ಬುಡು" ಎಂದಳು. ನನ್ನ ಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿದಳು. ಪಕ್ಕದಲ್ಲಿದ್ದ ದೊಡ್ಡಪ್ಪ ಸಮಾಧಾನ ಹೇಳಿದರು: "ಎದ್ರುಕೋಬೇಡ ಕಣವ್ವ. ಅವಳು ಏಳಿದ್ದು ಸೀರೆಗೆ, ನಿಂಗಲ್ಲ."

ದೊಡ್ಡಪ್ಪನ ಕಷ್ಟ ಬೇರೆ ತರಹದ್ದು. ಅವರ ಬಟ್ಟೆಗಳು ಬಲು ಬೇಗ ಹಣ್ಣಾಗುತ್ತವೆ. ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬಂದು ಜಗಲಿಯಲ್ಲಿ ಒರಗಿದರೆ ಐದು ನಿಮಿಷಕ್ಕೆ ಗೊರಕೆ. ಹೀಗಾಗಿ ದೊಡ್ಡವ್ವನ ಲೆಕ್ಕದಲ್ಲಿ ಅವರು ಉಟ್ಟಿದ್ದೆಲ್ಲ ಮೊದಲ ದರ್ಜೆಯ ಮಾಲು. "ನಮ್ ಮದ್ವೆ ಪಂಚೆ ಇವತ್ತು ಮೂರು ಮನೇಲಿ ಮಲಗ್ಯದೆ" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಾರೆ. "ನಾನೇ ಒಬ್ಬ ಈ ಮನೇಲಿ ಎಚ್ಚರವಾಗಿರೋದು."

ಇನ್ನು ಕೌದಿಯ ಮೇಲಿನ ಚಿತ್ತಾರ. ಅದು ಅವಳಿಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಕೆ.ಆರ್. ನಗರದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗದ್ದೆ ಬಯಲು ನೋಡಿ, "ಯಾರೋ ಅಚ್ಚುಕಟ್ಟಾಗಿ ಒಲ್ದವ್ರೆ ನೋಡ್ಲಾ. ಆ ಮೂಲೇಲಿ ಅಳದಿ ವಸಿ ಜಾಸ್ತಿ ಆಯ್ತು" ಎಂದಳು. ಆ ಮೂಲೆಯಲ್ಲಿ ಯಾರೋ ಹಾಕಿದ್ದ ಹುಚ್ಚೆಳ್ಳು ಹೂಬಿಟ್ಟಿತ್ತು. ಇಳಿದು ಹೋಗಿ ಹೊಲದವನಿಗೆ ಹೇಳಲಿಲ್ಲ, ಅಷ್ಟು ಪುಣ್ಯ. ಇನ್ನೊಂದು ವರ್ಷ ಹನಗೋಡಿನ ರಸ್ತೆಯ ಗುಂಡಿಗಳಿಗೆ ಟಾರಿನ ತೇಪೆ ಹಾಕಿದರು. ಊರಿನವರೆಲ್ಲ ಬೈದುಕೊಂಡು ಓಡಾಡುತ್ತಿದ್ದರೆ ದೊಡ್ಡವ್ವ ನಡುರಸ್ತೆಯಲ್ಲಿ ನಿಂತು, ಕರಿಯ ಮೇಲೆ ಕರಿ ಕೂತರೆ ಇಷ್ಟು ಚೆಂದ ಕಾಣುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದಳು. ಆ ಚಳಿಗಾಲಕ್ಕೆ ಕಪ್ಪು, ಬೂದು, ಮಾಸಿದ ಕಪ್ಪು ತುಂಡುಗಳ ಕೌದಿ ತಯಾರಾಯಿತು. ದೊಡ್ಡಪ್ಪ ಅದನ್ನು ಹೊದ್ದುಕೊಂಡು, "ರಸ್ತೆ ಒದ್ಕೊಂಡು ಮಲಗಿವ್ನಿ ಕಣ್ರಪ್ಪಾ, ಲಾರಿ ಬಂದ್ರೆ ಎಬ್ಬುಸ್ರಿ" ಎಂದರು.

ಬಣ್ಣವನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವಳಿಗಿಲ್ಲ. ವಸ್ತುವನ್ನೇ ಅಂಗಡಿಗೆ ಒಯ್ಯುತ್ತಾಳೆ. ಒಮ್ಮೆ ಬಿಸಿಗಾಳಿಯಲ್ಲಿ ಹದವಾಗಿ ಬೇಯಿಸಿದ ಹೊಗೆಸೊಪ್ಪಿನ ಎಲೆ ತೆಗೆದುಕೊಂಡು ಹೋಗಿ ಸಾಬರ ಮುಂದೆ ಹಾಸಿದಳು. ಸಾಬರು ನೋಡಿ, "ಅಮ್ಮಾ, ಇದನ್ನ ತಂಬಾಕು ಹರಾಜಿಗೆ ತಗೊಂಡ್ಹೋಗಿ. ನಂದು ಮೀಟರ್ ಲೆಕ್ಕ, ಕೆಜಿ ಲೆಕ್ಕ ಅಲ್ಲ" ಎಂದರು. ಆದರೂ ಒಳಗೆ ಹೋಗಿ ಆ ಬಣ್ಣವನ್ನೇ ಹುಡುಕಿ ತಂದರು.

ಅವಳು ಹುಂಜ ಒಯ್ದ ದಿನ ನಾನೂ ಜೊತೆಗಿದ್ದೆ, ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ. ದೊಡ್ಡವ್ವ ಚೀಲದಿಂದ ತಮ್ಮ ಮನೆಯ ಹುಂಜವನ್ನು ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ನಿಲ್ಲಿಸಿ, "ಇದರ ಕತ್ತಿನ ಬಣ್ಣದ್ದು ತೋರ್ಸಿ ಸಾಬ್ರೇ" ಎಂದಳು. ಅಂಗಡಿಯಲ್ಲಿ ಯಾವುದೋ ಮನೆಯವರು ಮದುವೆ ಸೀರೆ ಆರಿಸುತ್ತಾ ಕೂತಿದ್ದರು. ಸಾಬರು ಅವಸರಪಡಲಿಲ್ಲ. ಕನ್ನಡಕ ಹಾಕಿಕೊಂಡು ಹುಂಜದ ಸುತ್ತ ಕತ್ತು ಬಗ್ಗಿಸಿ ನೋಡಿ ಕೇಳಿದರು: "ಸುಮ್ನೆ ಇದ್ದಾಗಿನ ಬಣ್ಣ ಬೇಕಾ ಅಮ್ಮಾ, ಕೂಗೋವಾಗಿನ ಬಣ್ಣ ಬೇಕಾ? ಕೂಗೋವಾಗ ಬೇರೆ ಹೊಳೀತದೆ."

ದೊಡ್ಡವ್ವ ನನ್ನ ಕಡೆ ತಿರುಗಿ, "ಬಟ್ಟೆ ಗೊತ್ತಿರೋರು ಅಂದ್ರೆ ಇವ್ರು ಕಣ್ಲಾ" ಎಂದಳು. ಅಷ್ಟರಲ್ಲಿ ಹುಂಜ ಕೂಗಿಯೇಬಿಟ್ಟಿತು. ಬೆಳಗಿನಿಂದ ಯಾವುದನ್ನೂ ಒಪ್ಪದೆ ಕೂತಿದ್ದ ಮದುವೆ ಮನೆಯವರು, ಆ ಹೊತ್ತಿಗೆ ಕೈಯಲ್ಲಿದ್ದ ಸೀರೆಯೇ ಶುಭಶಕುನದ್ದೆಂದು ಖಾಯಂ ಮಾಡಿದರು. ಸಾಬರು ಹುಂಜಕ್ಕೆ ಅಕ್ಕಿ ತರಿಸಿ ಹಾಕಿದರು. "ವಾರಕ್ಕೊಂದ್ಸಲ ಕಳ್ಸಿ ಅಮ್ಮಾ ಇವರನ್ನ" ಎಂದರು.

ಇದೆಲ್ಲ ಎರಡು ವರ್ಷದ ಹಿಂದಿನ ಮಾತು.

ಮೊದಲ ಸಲ ನನ್ನ ಹೆಂಡತಿಗೆ ಏಳು ತಿಂಗಳಾಗಿದ್ದಾಗ ದೊಡ್ಡವ್ವ ಸಂತೋಷ ತಡೆಯಲಾರದೆ ಒಂದು ಪುಟ್ಟ ಕೌದಿ ಹೊಲಿದಳು. ಹುಟ್ಟುವ ಮೊದಲು ಮಗುವಿಗೆಂದು ಏನೂ ಹೊಲಿಯಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಅದು ಅವಳಿಗೂ ಗೊತ್ತಿತ್ತು. ಕೈ ಕೇಳಲಿಲ್ಲ. ಎಂಟನೆಯ ತಿಂಗಳಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿತು. ಗಂಡು. ಸಂಜೆಯ ತನಕ ಇದ್ದ. ನರ್ಸು ಹೊರಗೆ ಬಂದು ಸುತ್ತಲು ಬಟ್ಟೆ ಕೇಳಿದಾಗ ದೊಡ್ಡವ್ವ ತನ್ನ ಚೀಲದಿಂದ ಆ ಕೌದಿ ತೆಗೆದು ಕೊಟ್ಟಳು. ಅವನ ಜೊತೆ ಅದೂ ಮಣ್ಣಿಗೆ ಹೋಯಿತು.

ಆ ವಾರ ಮನೆಗೆ ಬಂದಿದ್ದ ನೆರೆಯ ಹೆಂಗಸೊಬ್ಬರು, "ಎರಿಗೆಗ್ ಮುಂಚೇನೇ ಯಾರಾದ್ರೂ ಮಗೀಗೆ ಸೂಜಿ ಆಡುಸ್ತಾರಾ?" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ದೊಡ್ಡವ್ವ ಆಗ ಬಿಂದಿಗೆಗೆ ನೀರು ಹಿಡಿಯುತ್ತಿದ್ದಳು. ಬಿಂದಿಗೆ ತುಂಬಿ ಚೆಲ್ಲಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.

ಆಮೇಲೂ ಅಂಗಡಿಗೆ ಹೋಗುವುದು ತಪ್ಪಲಿಲ್ಲ. ಉಡುಗೊರೆ ಕೊಡುವುದು, ಹಳತಾದ ಮೇಲೆ ಕೇಳಿ ತರುವುದು, ಎಲ್ಲ ನಡೆದಿತ್ತು. ಮನೆಯ ಮೂಲೆಯಲ್ಲಿ ಬಟ್ಟೆಯ ರಾಶಿ ಕಿಟಕಿಯ ಎತ್ತರಕ್ಕೆ ಬಂತು. ಒಂದು ದಿನ ಸಾಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅಮ್ಮ ಬಟ್ಟೆ ತಗೋತಾರೆ, ದಾರ ತಗೊಳ್ಳಲ್ಲ. ಅಕ್ಕಿ ತಗೊಂಡ್ಹೋಗಿ ಒಲೆ ಹಚ್ಚದೇ ಇದ್ದಂಗೆ ಆಯ್ತಲ್ಲ ಸ್ವಾಮಿ."

ನನ್ನ ಹೆಂಡತಿ ಮತ್ತೆ ಬಸುರಿಯಾದ ಮೇಲೆ ಇನ್ನೊಂದನ್ನು ಗಮನಿಸಿದೆ. ಕಂಡಕಂಡವರ ಕಾಲರ್ ಉಜ್ಜುವ ದೊಡ್ಡವ್ವ, ಅವಳು ಹತ್ತಿರ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಕಳೆದ ತಿಂಗಳು ಒಂದು ಭಾನುವಾರ ನಾವಿಬ್ಬರೂ ಹನಗೋಡಿಗೆ ಹೊರಟೆವು. ಹುಣಸೂರಿನಲ್ಲಿ ಇಳಿದಾಗ ನನ್ನ ಹೆಂಡತಿ ಒಬ್ಬಳೇ ಸಾಬರ ಅಂಗಡಿಗೆ ಹೋಗಿ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಮೂಲೆಯ ರಾಶಿಯಿಂದ ದೊಡ್ಡಪ್ಪನ ಒಂದು ಹಳೆಯ ಪಂಚೆ ಎಳೆದು ತಂದು ಜಗಲಿಯ ಮೇಲೆ ಹಾಸಿ, ಅದರ ಮೇಲೆ ಬಿಳಿ ದಾರದ ಉಂಡೆ, ಸೂಜಿ ಇಟ್ಟು, ಕಷ್ಟಪಟ್ಟು ಕೆಳಗೆ ಕೂತಳು.

"ಅತ್ತೆ, ಬನ್ನಿ ಇಲ್ಲಿ. ಮಗೂಗೆ ಒಂದು ಕೌದಿ ಹೊಲೀರಿ."

ದೊಡ್ಡವ್ವ ಬಾಗಿಲಲ್ಲೇ ನಿಂತಳು. "ಮೊದ್ಲು ಎರಿಗೆ ಆಗ್ಲಿ ಕಣವ್ವ. ಮಗೀಗೆ ನಾಮಕರ್ಣ ಆಗ್ಲಿ. ಆಮ್ಯಾಕೆ ನೋಡಾನ."

"ಈಗಲೇ ಹೊಲೀರಿ."

"ನನ್ ಕೈ ಒಳ್ಳೇದಲ್ಲ ಕಣವ್ವ. ನಿಂಗ್ ಗೊತ್ತಿಲ್ವಾ?"

ನನ್ನ ಹೆಂಡತಿ ಪಂಚೆಯ ಸುಕ್ಕು ಸವರುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಆವತ್ತು ನರ್ಸಮ್ಮ ಬಟ್ಟೆ ಕೇಳಿದಾಗ ನಮ್ಮ ಹತ್ರ ಏನೂ ಇರಲಿಲ್ಲ ಅತ್ತೆ. ಅವನಿಗೆ ಅಂತ ನಾವು ಏನೂ ತಂದಿರಲಿಲ್ಲ. ಹೆಸರೂ ಇಟ್ಟಿರಲಿಲ್ಲ. ಈ ಭೂಮಿ ಮೇಲೆ ಅವನದು ಅಂತ ಇದ್ದದ್ದು ನೀವು ಹೊಲಿದದ್ದು ಒಂದೇ. ನೀವು ಹೊಲೀದೇ ಇದ್ದಿದ್ರೆ ನನ್ನ ಮಗ ಬರೀ ಮೈಯಲ್ಲಿ ಹೋಗ್ತಿದ್ದ."

ದೊಡ್ಡಪ್ಪ ಎದ್ದು ಅಂಗಳಕ್ಕೆ ಇಳಿದು ಹೋದರು.

ದೊಡ್ಡವ್ವ ಬಂದು ಕೂತಳು. ಸೂಜಿಯನ್ನು ಬೆಳಕಿಗೆ ಹಿಡಿದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ನಾನು ಕೈ ಚಾಚಿದೆ. ನನ್ನ ಹೆಂಡತಿ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಕೊನೆಗೆ ದಾರ ಒಳಗೆ ಹೋಯಿತು.

"ಎಷ್ಟುದ್ದ ಇರ್ಲವ್ವ?" ಎಂದು ದೊಡ್ಡವ್ವ ಕೇಳಿದಳು.

ನನ್ನ ಹೆಂಡತಿ ಎರಡು ಕೈ ಎತ್ತಿ, ನಡುವೆ ಜಾಗ ಬಿಟ್ಟು ಅಳತೆ ತೋರಿಸಿದಳು. ಆ ಮೊದಲ ಕೌದಿಯ ಅಳತೆ ನನಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ಕೈಗಳನ್ನು ಇನ್ನಷ್ಟು ಅಗಲಿಸಿದಳು.