ಹೊರಗೆ ನೋಡಬಾರದ ಪರೀಕ್ಷೆ

ರಾಯಚೂರು ನಗರದ ಮನೆಯೊಂದರ ಮಾಳಿಗೆಯ ಮೇಲೆ ನಡುವಯಸ್ಸಿನ ವ್ಯಕ್ತಿಯೊಬ್ಬರು ಹಣೆಗೆ ರಟ್ಟು ಕಟ್ಟಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಗೋಡೆಗೆ ಒರಗಿಸಿಟ್ಟ ಆರು ಊಟದ ತಟ್ಟೆಗಳನ್ನು ದಿಟ್ಟಿಸುತ್ತಿದ್ದುದು ಬೆಳಕಿಗೆ ಬಂದಿದೆ. ಪ್ರಾಣಹಾನಿ ಸಂಭವಿಸಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ. ತಟ್ಟೆಗಳಲ್ಲಿ ಒಂದನ್ನು ಮಂಡಕ್ಕಿ ಸುಸ್ಲಾ ಹಾಕಿಕೊಡಲು ಬೇಕೆಂದು ಮನೆಯವರು ವಾಪಸು ಪಡೆದಿದ್ದಾರೆ.

ಆ ವ್ಯಕ್ತಿ ನಾನು. ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ಇಟ್ಟುಕೊಂಡು ಈ ಊರಲ್ಲಿ ಬದುಕುವವನಿಗೆ ಇಂಥವು ಆಗುತ್ತಲೇ ಇರುತ್ತವೆ.

ನನ್ನ ಲೈಸೆನ್ಸ್ ಆಕಾಶ ನಿಚ್ಚಳವಾಗಿದ್ದಾಗ ಮಾತ್ರ ನಡೆಯುತ್ತದೆ. ಮೋಡದೊಳಗೆ ಹೊಕ್ಕು ಹೊರಬರಬೇಕಾದರೆ ಬೇರೆ ಪರೀಕ್ಷೆ ಕೊಡಬೇಕು. ಅದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎನ್ನುತ್ತಾರೆ. ಹೊರಗೇನೂ ಕಾಣದಂತೆ ಹಣೆಗೆ ಮರೆ ಕಟ್ಟಿ, ಎದುರಿನ ಮೀಟರುಗಳನ್ನಷ್ಟೇ ನೋಡಿ ವಿಮಾನ ನಡೆಸಬೇಕು. ಪಕ್ಕದಲ್ಲಿ ಪರೀಕ್ಷಕರು ಕುಳಿತು ಎಲ್ಲವನ್ನೂ ನೋಡುತ್ತಿರುತ್ತಾರೆ. ನಾನು ಒಮ್ಮೆ ಫೇಲಾಗಿದ್ದೆ. ಪಾಸಾಗಿದ್ದ ಲಿಖಿತ ಪರೀಕ್ಷೆಯ ಮಾನ್ಯತೆಯ ಅವಧಿ ಮುಗಿಯುತ್ತಾ ಬಂದಿತ್ತು. ಈ ಸಲವೂ ಫೇಲಾದರೆ ಮತ್ತೆ ಮೊದಲಿನಿಂದ ಓದಿ, ಬರೆದು ಬರಬೇಕಿತ್ತು. ಮಳೆಗೇ ಮೋಡ ಸಿಗದ ಜಿಲ್ಲೆಯವನಿಗೆ ಮೋಡದೊಳಗೆ ಏನು ಕೆಲಸ ಎಂದು ಹಲವರು ಕೇಳಿದರು. ನನಗೂ ಅದೇ ಕುತೂಹಲ.

ನೆರೆಮನೆಯ ಚಿಂತೆ

ಮಾಳಿಗೆಯ ಮೇಲೆ ತಟ್ಟೆಗಳಿಗೆ ಮೀಟರಿನ ಚಿತ್ರ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುವ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ನೆರೆಮನೆಯಾಕೆ ಮೊದಲು ನನ್ನನ್ನು ನೋಡಿದರು, ಆಮೇಲೆ ತಟ್ಟೆಗಳನ್ನು ನೋಡಿದರು. ಕೊನೆಗೆ ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕರೆದರು.

"ಯವ್ವಾ, ನಿಮ್ಮ ಮನಿಯವ್ರಿಗೆ ಕಣ್ಣಿಗೆ ಏನಾಗ್ಯಾದ?"

"ಏನಾಗಿಲ್ರಿ. ಪರೀಕ್ಷಿ ಅದ. ಹೊರಗ ನೋಡಬಾರ್ದಂತ."

ಅವರು ಮೆಣಸಿನಕಾಯಿ ಅಲ್ಲೇ ಬಿಟ್ಟು ಸುದ್ದಿ ಹೇಳಲು ಕೆಳಗಿಳಿದರು. ಸಂಜೆಗೆ ಕಲ್ಮಲದಿಂದ ನಮ್ಮ ಬಳಗದವರೊಬ್ಬರು ಫೋನ್ ಮಾಡಿ, ಅಲ್ಲಿ ಕಣ್ಣಿನ ಶಿಬಿರ ನಡೆದಿದೆ, ಕಣ್ಣಿನ ಪೊರೆ ಎಳೆಯದಾಗಿದ್ದಾಗಲೇ ತೆಗೆಸಬೇಕು ಎಂದರು. ಕವಿತಾಳದಿಂದ ಒಂದು ಬಾಟಲಿ ಜೇನುತುಪ್ಪ ಬಸ್ಸಿನಲ್ಲಿ ಬಂತು. ಕಣ್ಣಿಗೆ ಬಿಡಲು ಎಂದು ಹೇಳಿ ಕಳಿಸಿದ್ದರು. ಅದನ್ನು ನಾವು ಚಪಾತಿಗೆ ಬಳಸಿದೆವು.

ಮರುದಿನ ನೆರೆಮನೆಯಾಕೆ ಮತ್ತೆ ಕೇಳಿದರು. "ಅಲ್ಲವ್ವಾ, ಹೊರಗ ನೋಡದಂಗ ವಿಮಾನ ಹ್ಯಾಂಗ ನಡಸ್ತಾರ?"

ನನ್ನ ಹೆಂಡತಿ ಹಪ್ಪಳ ತಿರುವಿ ಹಾಕುತ್ತಾ ಹೇಳಿದಳು: "ಮನಿಯಾಗೂ ಹಂಗ ಅದಾರ್ರಿ. ಏನೂ ನೋಡಂಗಿಲ್ಲ. ಮನಿ ನಡದದಲ್ಲ?"

ಮಾನ್ವಿಯ ಕುರ್ಚಿ

ಮೊದಲ ಸಲ ನಾನು ಫೇಲಾದದ್ದು ಮೈಯ ಮಾತು ಕೇಳಿದ್ದರಿಂದ. ಹೊರಗೆ ಏನೂ ಕಾಣದಿದ್ದಾಗ ಮೈ ಸುಳ್ಳು ಹೇಳುತ್ತದೆ. ವಿಮಾನ ನೇರ ಹೋಗುತ್ತಿದ್ದರೂ ಎಡಕ್ಕೆ ವಾಲಿದೆ ಎನ್ನುತ್ತದೆ. ಮೀಟರು ನಿಜ ಹೇಳುತ್ತದೆ. ನಾನು ಹುಟ್ಟಿದಾಗಿನಿಂದ ಪರಿಚಯವಿರುವ ಮೈಯನ್ನೇ ನಂಬಿದೆ. ಪರೀಕ್ಷಕರು ಮೀಟರನ್ನು ನಂಬಿದರು.

ಇದನ್ನು ಮಾನ್ವಿಯಲ್ಲಿ ನಮ್ಮ ಅಕ್ಕಿ ಗಿರಣಿಯ ಎದುರಿನ ಕ್ಷೌರದಂಗಡಿಯಲ್ಲಿ ವಿವರಿಸುತ್ತಿದ್ದೆ. ಅಂಗಡಿಯ ಚಾಚಾ ಕತ್ತರಿ ಕೆಳಗಿಟ್ಟರು. "ಖರೇನ? ನಮ್ಮ ಕುರ್ಸಿ ತಿರಗ್ತದ. ನೋಡೇ ಬಿಡೂನು ಬರ್ರಿ."

ಕಣ್ಣು ಮುಚ್ಚಿ ಕುಳಿತೆ. ಚಾಚಾ ನಿಧಾನವಾಗಿ ಒಂದೇ ಸಮ ತಿರುಗಿಸಿದರು. ಸ್ವಲ್ಪ ಹೊತ್ತಿಗೆ "ನಿಂತಿತು" ಎಂದೆ. ಅಂಗಡಿಯಲ್ಲಿದ್ದವರು ಹೋ ಎಂದರು. ಕುರ್ಚಿ ಇನ್ನೂ ತಿರುಗುತ್ತಿತ್ತು. ಆಮೇಲೆ "ಈಗ ಆ ಕಡೆ ತಿರುಗಾಕತ್ತೇದ" ಎಂದೆ. ಇನ್ನೂ ದೊಡ್ಡ ಹೋ. ಕುರ್ಚಿ ನಿಂತಿತ್ತು.

ಅಂದು ಮಾನ್ವಿಯಲ್ಲಿ ಯಾರ ಗಡ್ಡವೂ ಆಗಲಿಲ್ಲ. ಬಂದವರೆಲ್ಲ ಪಾಳಿ ಹಚ್ಚಿ ಕುರ್ಚಿ ಹತ್ತಿದರು. ಕೊನೆಗೆ ಚೀಕಲಪರ್ವಿಯಿಂದ ಸಂತೆಗೆ ಬಂದಿದ್ದ ಹಿರಿಯರೊಬ್ಬರು ಕೋಲು ಪಕ್ಕಕ್ಕಿಟ್ಟು ಕುಳಿತರು. ಚಾಚಾ ತಿರುಗಿಸಿ ನಿಲ್ಲಿಸಿದರು. "ತಿರುಗಾಕತ್ತೇದ, ಇನ್ನಾ ತಿರುಗಾಕತ್ತೇದ" ಎನ್ನುತ್ತಲೇ ಹಿರಿಯರು ಕಣ್ಣು ತೆರೆದರು. ಎದುರಿಗೆ ಕನ್ನಡಿ ಸುಮ್ಮನೆ ನಿಂತಿತ್ತು.

ಅವರು ಮೊದಲು ಕುರ್ಚಿಯನ್ನು ನೋಡಿದರು, ಆಮೇಲೆ ಚಾಚಾನನ್ನು ನೋಡಿದರು.

"ಲೇ, ಅಂಗಡಿ ಯಾಕ್ ನಿಂದರಿಸಿದಿ?"

ಮಾವನ ಮೀಟರು

ದೇವದುರ್ಗದಲ್ಲಿ ನನ್ನ ಸೋದರಮಾವ ಇದ್ದಾರೆ. ಭತ್ತ ಸಾಗಿಸುವ ಲಾರಿಗಳ ವ್ಯವಹಾರ. ಸ್ವಂತ ಓಡಾಟಕ್ಕೆ ಒಂದು ಹಳೆಯ ಜೀಪಿದೆ. ಒಮ್ಮೆ ಅವರ ಜೊತೆ ರಾಯಚೂರಿಗೆ ಬರುತ್ತಾ, ಅಭ್ಯಾಸಕ್ಕೆಂದು ಜೀಪಿನ ಮೀಟರುಗಳ ಮೇಲೆ ಕಣ್ಣು ಹಾಯಿಸಿದೆ. ವೇಗದ ಮುಳ್ಳು ಸೊನ್ನೆಯಲ್ಲಿತ್ತು. ಡೀಸೆಲ್ ಮುಳ್ಳು ಅದಕ್ಕಿಂತ ಕೆಳಗಿತ್ತು. ಮೂರನೆಯದರಲ್ಲಿ ಮುಳ್ಳೇ ಇರಲಿಲ್ಲ, ಗಣಪತಿಯ ಸ್ಟಿಕರ್ ಇತ್ತು.

"ಮಾವಾ, ಇವು ಯಾವೂ ನಡಿಯಂಗಿಲ್ಲಲ್ಲ?"

"ಅವು ಬಂದಾಗಿಂದ ಹಂಗ ಅದಾವ."

"ಮತ್ತ ಎಷ್ಟು ಸ್ಪೀಡ್ ಹೊಂಟೇವಿ ಅಂತ ಹ್ಯಾಂಗ ತಿಳಿತದ?"

"ಬಾಗಲಾ ಬಡಕೊಂಡ್ರ ನಲವತ್ತು. ಮ್ಯಾಲಿನ ಟಪ್ಪಾ ಹಾರಾಡಿದ್ರ ಅರವತ್ತು. ಹಿಂದ ಕುಂತ ಮಂದಿ ಮಾತು ನಿಲ್ಲಿಸಿದ್ರ ಎಂಬತ್ತು."

ನಾನು ಹಿಂದೆ ತಿರುಗಿ ನೋಡಿದೆ. ಅತ್ತೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಮಾವನನ್ನು ಕೇಳಿದೆ, ಇದಕ್ಕೇನು ಲೆಕ್ಕ?

"ಅದಕ್ಕ ಮೀಟರದಾಗ ನಂಬರ್ ಇಲ್ಲ" ಎಂದರು.

ಪರೀಕ್ಷೆಯ ದಿನ

ನಮ್ಮ ಕಡೆ ಯಾರೂ ಮುಖ್ಯ ಕೆಲಸಕ್ಕೆ ಒಬ್ಬರೇ ಹೋಗುವುದಿಲ್ಲ. ಹೆಣ್ಣು ನೋಡಲು, ದವಾಖಾನೆಗೆ, ಕೋರ್ಟಿಗೆ, ಎಲ್ಲದಕ್ಕೂ ಒಂದು ಗಾಡಿ ಮಂದಿ ಹೋಗಬೇಕು. ಪಕ್ಕದ ರಾಜ್ಯದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನನ್ನ ಪರೀಕ್ಷೆ ಎಂದು ಗೊತ್ತಾದ ಮೇಲೆ ಮಾವ ಜೀಪು ತುಂಬ ಜನ, ರೊಟ್ಟಿ ಬುತ್ತಿ, ಶೇಂಗಾ ಚಟ್ನಿ ಸಮೇತ ಬಂದರು. ಗೇಟಿನವನು ಒಳಗೆ ಬಿಡಲಿಲ್ಲ. ಅವರು ಬೇಲಿಯ ಹೊರಗಿನ ಕಚ್ಚಾ ರಸ್ತೆ ಹಿಡಿದು ಸುತ್ತಿ, ರನ್‌ವೇಯ ಆ ತುದಿಯಲ್ಲೊಂದು ಬೇವಿನ ಮರದ ನೆರಳು ಸಿಕ್ಕಿದ್ದರಿಂದ ಅಲ್ಲೇ ಕುಳಿತರು. ನನಗಿದು ಗೊತ್ತಿರಲಿಲ್ಲ. ವಾಪಸು ಹೋಗಿದ್ದಾರೆ ಎಂದುಕೊಂಡಿದ್ದೆ.

ಪರೀಕ್ಷಕರು ಮಾತು ಕಡಿಮೆಯ ಮನುಷ್ಯ. ಮೇಲೆ ಹೋದ ಮೇಲೆ ನನ್ನ ಹಣೆಗೆ ಮರೆ ಬಂತು. ಒಂದು ಮೀಟರಿನ ಮೇಲೆ ರಬ್ಬರಿನ ಬಿಲ್ಲೆ ಅಂಟಿಸಿ, "ಇದು ಕೆಟ್ಟಿದೆ ಎಂದು ತಿಳಿಯಿರಿ" ಎಂದರು. ಮಿಕ್ಕವು ನಡೆಯುತ್ತಿವೆಯಲ್ಲ, ಅದೇ ಐಷಾರಾಮ ಎಂದುಕೊಂಡು ಮುಂದೆ ಹೋದೆ. ಮೈ ಎಡಕ್ಕೆ ವಾಲಿದೆ ಎಂದಿತು. ನಾನು ಮೀಟರಿನ ಮಾತು ಕೇಳಿದೆ.

ಕೊನೆಗೆ ಒಂದೇ ಬಾಕಿ ಉಳಿಯಿತು: ಇಳಿಯಲು ಬಂದು, ಇಳಿಯುವ ಸ್ಥಿತಿ ಇಲ್ಲವೆಂದು ಕಂಡರೆ ತಕ್ಷಣ ಮೇಲಕ್ಕೆ ಎತ್ತಿಕೊಂಡು ಹೋಗುವುದು. ಇದನ್ನು ಪರೀಕ್ಷಕರು ಯಾವಾಗ, ಹೇಗೆ ಕೇಳುತ್ತಾರೆ ಎಂದು ಮೊದಲೇ ಹೇಳುವುದಿಲ್ಲ. ಆ ಗಳಿಗೆಯಲ್ಲಿ ತಡವರಿಸಿದರೆ ಫೇಲು. ನಾನು ಮೀಟರು ನೋಡುತ್ತಲೇ ಕೆಳಗಿಳಿಯುತ್ತಾ ಬಂದೆ. ನಿಗದಿಯಾದ ಎತ್ತರಕ್ಕೆ ಬಂದಾಗ ಅವರು "ಈಗ ಹೊರಗೆ ನೋಡಿ" ಎಂದರು.

ಮರೆ ಎತ್ತಿ ನೋಡಿದೆ. ರನ್‌ವೇ ನೇರ ಎದುರಿಗಿತ್ತು. ಅದರ ಈಚೆ, ಬೇಲಿಗೆ ಒತ್ತಿ ನಿಂತ ಜೀಪಿನ ಬಾನೆಟ್ಟಿನ ಮೇಲೆ ಒಬ್ಬ ಮನುಷ್ಯ ನಿಂತು ಎರಡೂ ಕೈಯಿಂದ ಕೆಂಪು ಟವೆಲ್ ಬೀಸುತ್ತಿದ್ದ.

ಪರೀಕ್ಷಕರೇ ಮಾಡಿಸಿದ ಏರ್ಪಾಡು ಎಂದುಕೊಂಡೆ. ಎಂಥ ಕಟ್ಟುನಿಟ್ಟಿನ ಪರೀಕ್ಷೆ ಎಂದು ಗೌರವವೂ ಬಂತು. ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು, ಮೂತಿ ಎತ್ತಿ, ರೇಡಿಯೊದಲ್ಲಿ ಹೇಳಬೇಕಾದ್ದನ್ನು ಹೇಳಿ ಮೇಲಕ್ಕೆ ಹೋದೆ. ಪರೀಕ್ಷಕರು ಏನೋ ಗುರುತು ಹಾಕಿಕೊಂಡರು. ಅವರು ಅದು ಕ್ಲಬ್ಬಿನವರ ಏರ್ಪಾಡು ಎಂದುಕೊಂಡಿದ್ದರಂತೆ.

ಇನ್ನೊಂದು ಸುತ್ತು ಬಂದು ಇಳಿದೆವು. ಅಷ್ಟರಲ್ಲಿ ಗೇಟಿನವನು ಮಾವನನ್ನು ಹಿಡಿದು ತಂದಿದ್ದ. ಟವೆಲ್ ಇನ್ನೂ ಹೆಗಲ ಮೇಲಿತ್ತು.

"ನೀವು ಯಾರು?" ಎಂದರು ಪರೀಕ್ಷಕರು.

"ನಾ ಇವನ ಸೋದರಮಾವರೀ, ಸಾಹೇಬ್ರ."

"ಅಲ್ಲಿ ಏನು ಮಾಡುತ್ತಿದ್ದಿರಿ?"

"ಕಣ್ಣಿಗೆ ಕಟ್ಟಿ ಕಳಿಸೀರಲ್ರೀ. ಲಾರಿ ಹಿಂದ ತಗೊಳ್ಳುವಾಗ ಡ್ರೈವರ್‌ಗೆ ಹಿಂದ ಕಾಣಂಗಿಲ್ಲಂತ ಒಬ್ಬಾಂವ ನಿಂತು 'ಬರ್ಲಿ, ಬರ್ಲಿ' ಅಂತ ಹೇಳ್ತಾನ. ಇಷ್ಟು ದೊಡ್ಡ ವಿಮಾನಕ್ಕ ನಿಮ್ಮ ಕಡಿಂದ ಒಬ್ಬಾಂವನೂ ನಿಂತಿದ್ದಿಲ್ಲ. ಅದಕ್ಕ ನಾ ನಿಂತೆ."

ಪರೀಕ್ಷಕರು ನನ್ನನ್ನು ನೋಡಿದರು. ನಾನು ಟವೆಲ್ ನೋಡಿದೆ.

ಮಾವ ಬೇಸರದಿಂದ ಮುಂದುವರಿಸಿದರು. "ನಾ 'ಬರ್ಲಿ, ಬರ್ಲಿ' ಅಂತ ಒದರಾಕತ್ತೀನಿ, ಇಂವ ಹೊಳ್ಳಿ ಹೋಗೇಬಿಟ್ಟ. ಸಣ್ಣಾಂವ ಇದ್ದಾಗಿಂದ ಹಂಗ ಅದಾನ್ರೀ, ಹೇಳಿದ ಮಾತು ಕೇಳಂಗಿಲ್ಲ. ತಪ್ಪಾದ್ರ ಹೊಟ್ಯಾಗ ಹಾಕ್ಕೊಳ್ರಿ."

ಮಾವನ ಮಾತು ಕೇಳಿ ಇಳಿದಿದ್ದರೆ ಫೇಲು ಮಾಡುತ್ತಿದ್ದೆ ಎಂದು ಪರೀಕ್ಷಕರು ತಿಳಿಸಿದರು. ಮಧ್ಯಾಹ್ನ ಎರಡು ರೊಟ್ಟಿ ತಿಂದರು, ಚಟ್ನಿ ಖಾರವಾಯಿತೆಂದರು. ಸಂಜೆ ನನ್ನನ್ನು ಪಾಸೆಂದು ಬರೆದುಕೊಟ್ಟರು.