ಮಾವನ ಎದೆ, ನನ್ನ ಎಕ್ಸ್‌ರೇ

ಫೋಟೋ ಸ್ಟುಡಿಯೋದವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅವರು ‘ಸ್ವಲ್ಪ ನಗ್ರಿ’ ಎಂದರೆ ಕೆಲಸ ಮುಗಿಯಿತು. ನಾನು ಬಂದವರಿಗೆಲ್ಲ ‘ಉಸಿರು ಹಿಡೀರಿ’ ಎನ್ನಬೇಕು. ಎಂಬತ್ತರ ದಶಕದ ಮೊದಲಲ್ಲಿ ನಾನು ಗದಗಿನ ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಕೈಕಾಲಿನ ಮೂಳೆಗಳು ಮರ್ಯಾದಸ್ಥರು, ಇಟ್ಟಲ್ಲಿ ಇರುತ್ತವೆ. ತಕರಾರೆಲ್ಲ ಹೃದಯದ್ದು. ಉಸಿರು ಹಿಡಿಯಿರಿ ಎನ್ನಬಹುದು, ಎದೆಬಡಿತ ನಿಲ್ಲಿಸಿರಿ ಎಂದು ಯಾರಿಗೂ ಹೇಳುವಂತಿಲ್ಲ. ಹಾಗಾಗಿ ಬೇಗ ತೆಗೆಯಬೇಕು. ನಮ್ಮ ಯಂತ್ರವೋ ಹಳೆಯದು, ಕರೆಂಟೂ ಸೊರಗಿದ್ದು. ಬೇಗ ತೆಗೆದರೆ ಚಿತ್ರ ನೀರುಮಜ್ಜಿಗೆಯ ಹಾಗೆ ಬೆಳ್ಳಗೆ. ನಿಧಾನವಾಗಿ ತೆಗೆದರೆ ಅಂಚು ಅಲುಗಾಡಿ, ಹೃದಯ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಎರಡರ ನಡುವಿನ ಹದ ಹುಡುಕುವುದೇ ನನ್ನ ಉದ್ಯೋಗ.

ಒಂದು ದಿನ ಬೆಟಗೇರಿಯಿಂದ ನಮ್ಮ ಮಾವ ಬಂದರು. ನನ್ನ ಹೆಂಡತಿ ಶಾಂತಾಳ ಅಪ್ಪ; ಅವಳೇ ಕರೆತಂದಿದ್ದಳು. ಅಪ್ಪನಿಲ್ಲದ ನನ್ನನ್ನು ಮಗ್ಗದ ದುಡಿಮೆಯಲ್ಲಿ ಓದಿಸಿದವರೂ ಅವರೇ. ನಡೆದರೆ ಏದುಸಿರು ಬರುತ್ತಿತ್ತು. ಡಾಕ್ಟರು ಎದೆಯನ್ನು ಬಹಳ ಹೊತ್ತು ಪರೀಕ್ಷಿಸಿ, “ಹೃದಯ ದೊಡ್ಡದಾಗಿದ್ರ ಮಗ್ಗ ಬಿಡಬೇಕಾಗತೈತ್ರಿ. ಫಿಲ್ಮ್ ನೋಡಿ ಹೇಳ್ತೀನಿ” ಎಂದರು. ಮಾವನ ಮುಖ ಅಲ್ಲೇ ಸಣ್ಣದಾಯಿತು. “ಮಗ್ಗ ಬಿಟ್ಟು ಮನ್ಯಾಗ ಕುಂತು ಏನ್ ಮಾಡ್ಲೋ?” ಎಂದು ನನ್ನನ್ನು ಕೇಳಿದರು. ಜೀವಮಾನದಲ್ಲೇ ಎಲ್ಲಕ್ಕಿಂತ ಒಳ್ಳೆಯ ಚಿತ್ರ ತೆಗೆಯಬೇಕೆಂದು ನಿಶ್ಚಯಿಸಿದೆ.

ಅವರನ್ನು ಯಂತ್ರದ ಮುಂದೆ ನಿಲ್ಲಿಸಿ, ಕಿರಣ ತಡೆಯುವ ಮರೆಯ ಹಿಂದೆ ಬಂದು ಗುಂಡಿ ಒತ್ತಿದೆ. ಯಂತ್ರ ‘ಖಟ್’ ಎಂದಿತು. ಮಾವನ ಬಲಗೈ ತಟ್ಟನೆ ಎಳೆಯಿತು. ಮಗ್ಗದಲ್ಲಿ ಲಾಳಿ ಓಡುವಾಗಲೂ ಅದೇ ಸದ್ದು. ಸದ್ದಾದೊಡನೆ ಲಾಳಿಯ ಹಗ್ಗವನ್ನು ಮತ್ತೆ ಎಳೆಯುವುದು ಅವರ ಕೈಯ ರೂಢಿ. ಚಿತ್ರದಲ್ಲಿ ಹೃದಯಕ್ಕೆ ಎರಡೆರಡು ಅಂಚು!

“ಮಾವಾರ, ಕೈ ಅಲುಗಸಬ್ಯಾಡ್ರಿ.”

“ನಾ ಎಲ್ಲಿ ಅಲುಗಸೇನಿ? ಅದ ತಾನ ಹೋಗತೈತಿ!”

ಕೈ ಏಳುವುದರೊಳಗೆ ಮುಗಿಸೋಣವೆಂದು ಬೇಗ ತೆಗೆದೆ. ನೀರುಮಜ್ಜಿಗೆ ಬಂತು. “ಇದರಾಗ ಏನೂ ಹೇಳಾಕ ಆಗೂದಿಲ್ಲ” ಎಂದು ಡಾಕ್ಟರು ಹಿಂದಕ್ಕೆ ಕೊಟ್ಟರು.

ಶಾಂತಾ ನನ್ನ ಪಕ್ಕ ಮರೆಯ ಹಿಂದೆ ಬಂದು ನಿಂತು, “ನೀವು ಗುಂಡಿ ಒತ್ತ್ರಿ, ಅಪ್ಪನ್ನ ನಾ ನಿಲ್ಲಸ್ತೀನಿ” ಎಂದಳು. ನಾನು ಸಿದ್ಧನಾದೆ. ಅವಳು ದವಾಖಾನೆಯ ಸೂರು ಹಾರಿಹೋಗುವಂತೆ ಕೂಗಿದಳು: “ಅಪ್ಪಾ, ಎಳಿ ಹರೀತು!” ಮಗ್ಗದ ಮನೆಯಲ್ಲಿ ನೂಲಿನ ಎಳೆ ಹರಿಯಿತೆಂಬ ಮಾತು ಕೇಳಿದರೆ ಕೈ, ಕಾಲು, ಉಸಿರು ಎಲ್ಲವೂ ನಿಲ್ಲುತ್ತವೆ. ಮಾವ ಕಂಬದಂತೆ ನಿಂತರು. ನಾನೂ ನಿಂತುಬಿಟ್ಟೆ. ನೇಕಾರರ ಮನೆಯಲ್ಲೇ ಹುಟ್ಟಿದವನು. ಗುಂಡಿಯ ಮೇಲಿನ ಬೆರಳು ಕದಲಲೇ ಇಲ್ಲ.

“ಒತ್ತಲಿಲ್ಲೇನ್ರಿ?” ಎಂದು ಶಾಂತಾ ಹಣೆ ಚಚ್ಚಿಕೊಂಡಳು.

“ಬೈಬ್ಯಾಡವಾ. ಎಳಿ ಹರದ ಮ್ಯಾಲ ಯಾರು ಮುಂದ ನೇಯ್ತಾರ?” ಎಂದು ಮಾವ ನನ್ನ ಪರ ವಹಿಸಿದರು.

ಕೊನೆಗೆ ನಾನು ಎರಡೂ ಕಿವಿಗೆ ದವಾಖಾನೆಯ ಹತ್ತಿ ತುರುಕಿಕೊಂಡೆ. ಶಾಂತಾಳ ಬಾಯಿ ತೆರೆಯಿತು, ಮಾವನ ಭುಜ ನಿಂತಿತು, ಒತ್ತಿದೆ. ಕತ್ತಲೆ ಕೋಣೆಯಲ್ಲಿ ತೊಳೆದು ನೋಡಿದರೆ ಹೃದಯದ ಅಂಚು ಕಸೂತಿ ಹಾಕಿದಷ್ಟು ಸ್ಪಷ್ಟ. ಓಡಿಹೋಗಿ ಡಾಕ್ಟರಿಗೆ ಕೊಟ್ಟೆ.

ಅವರು ಅದನ್ನು ಕಿಟಕಿಗೆ ಹಿಡಿದು ಏನೋ ಹೇಳಿದರು. ಮಾವನ ಕಣ್ಣಲ್ಲಿ ನೀರು ಬಂತು. ಶಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಎದೆ ಒಡೆಯಿತು. ಮಾವನನ್ನು ತಬ್ಬಿಕೊಂಡು, “ಹೋದ್ರ ಹೋಗ್ಲಿ ಬಿಡ್ರಿ ಮಗ್ಗ! ನಾ ಅದೀನಲ್ರಿ ನಿಮಗ!” ಎಂದು ಗಟ್ಟಿಯಾಗಿ ಅತ್ತುಬಿಟ್ಟೆ. ಡಾಕ್ಟರು ಬೆರಗಾಗಿ ನೋಡಿದರು. ಶಾಂತಾ ಬಂದು ನನ್ನ ಒಂದು ಕಿವಿಯ ಹತ್ತಿ ಕಿತ್ತಳು.

“ಮುಖಾ ಒರಸ್ಕೋರಿ. ಹೃದಯ ಬರೋಬ್ಬರಿ ಐತಂತ. ಗುಳಿಗಿ ತಗೊಂಡು ಸಾವಕಾಶ ಮಗ್ಗ ನಡಸಬಹುದಂತ!”

ಇನ್ನೊಂದು ಕಿವಿಯದನ್ನು ನಾನೇ ತೆಗೆದೆ. ಆ ಕಿವಿಗೆ ಬಿದ್ದ ಮೊದಲ ಮಾತು ಮಾವನದು: “ಡಾಕ್ಟರ್ ಸಾಹೇಬ್ರ, ಹಂಗ ನಮ್ಮ ಅಳಿಯನ ತಲೀದೂ ಒಂದು ಫೋಟೋ ತಗಸ್ರಿ. ಅವಸರೇನಿಲ್ಲ, ಸಾವಕಾಶ ತಗೀಲಿ. ಅದರೊಳಗ ಏನೂ ಅಲುಗಾಡೂದಿಲ್ಲ.”